ಬೂಟ್ ಮೆನು ಕಾಣೆಯಾದ ಲ್ಯಾಪ್‌ಟಾಪ್: ಒಂದು ಪ್ರಕರಣದ ಪೂರ್ತಿ ವಿವರ

ವಿಂಡೋಸ್ 11 ಮತ್ತು ಡೆಬಿಯನ್ 12 (ಲಿನಕ್ಸ್‌ನ ಒಂದು ರೂಪ) ಎರಡೂ ಇದ್ದ ಲ್ಯಾಪ್‌ಟಾಪ್. ಆನ್ ಮಾಡಿದ ಕೂಡಲೇ, ಯಾವುದನ್ನು ಶುರುಮಾಡಬೇಕು ಎಂದು ಕೇಳುವ ಗ್ರಬ್ ಎಂಬ ಪ್ರೋಗ್ರಾಂನ ಮೆನು ಬರಬೇಕು. ಬರುತ್ತಿರಲಿಲ್ಲ. ತಯಾರಕರ ಲೋಗೋ ಕಾಣಿಸಿಕೊಂಡು, ಅದರ ಕೆಳಗೆ ಚುಕ್ಕಿಗಳು ಸುತ್ತಿ, ಸೀದಾ ವಿಂಡೋಸ್ ತೆರೆದುಕೊಳ್ಳುತ್ತಿತ್ತು. ದೋಷದ ಸಂದೇಶ ಇಲ್ಲ, ಕಪ್ಪು ಪರದೆ ಇಲ್ಲ. ಮೆನು ಮಾತ್ರ ಇಲ್ಲ.

ಲ್ಯಾಪ್‌ಟಾಪ್ ನನಗೆ ಪರಿಚಯವಿರುವ ಒಬ್ಬ ಸಂಶೋಧನಾ ವಿದ್ಯಾರ್ಥಿನಿಯದು. ಪ್ರಬಂಧದ ಕರಡು, ಲೆಕ್ಕದ ಸ್ಕ್ರಿಪ್ಟ್‌ಗಳು, ದತ್ತಾಂಶ, ಎಲ್ಲವೂ ಡೆಬಿಯನ್ ಕಡೆ ಇದ್ದವು. ವಿಂಡೋಸ್ ಬೇಕಾಗುವುದು ಅಪರೂಪಕ್ಕೆ, ಲಿನಕ್ಸ್‌ನಲ್ಲಿ ಓಡದ ಒಂದು ಸಾಫ್ಟ್‌ವೇರ್‌ಗಾಗಿ. ಆಕೆ ಫೋನ್ ಮಾಡಿದಾಗ ದನಿಯಲ್ಲೇ ಗಾಬರಿ ಗೊತ್ತಾಗುತ್ತಿತ್ತು. "ಅಣ್ಣಾ, ವಿಂಡೋಸ್ ಅಪ್‌ಡೇಟ್ ಆದಮೇಲೆ ಲಿನಕ್ಸ್ ಪೂರ್ತಿ ಅಳಿಸಿಹೋಗಿದೆ. ಮತ್ತೆ ಇನ್‌ಸ್ಟಾಲ್ ಮಾಡೋದೊಂದೇ ದಾರಿ ಅಂತ ಎಲ್ಲರೂ ಹೇಳ್ತಿದ್ದಾರೆ."

"ಏನೂ ಇನ್‌ಸ್ಟಾಲ್ ಮಾಡ್ಬೇಡಮ್ಮ, ಏನೂ ಡಿಲೀಟ್ ಮಾಡ್ಬೇಡ. ಮೊದಲು ನೋಡೋಣ" ಎಂದೆ. ಈ ತರಹದ ಪ್ರಕರಣಗಳಲ್ಲಿ ಡೇಟಾ ಹೋಗುವುದು ಮೆನು ಕಾಣೆಯಾದಾಗ ಅಲ್ಲ. ಮೆನು ತರಿಸಲು ಹೋಗಿ ಅವಸರದಲ್ಲಿ ಮಾಡುವ ಕೆಲಸಗಳಲ್ಲಿ ಡೇಟಾ ಹೋಗುತ್ತದೆ. ಹಾಗಾಗಿ ಸರಿಮಾಡುವುದಕ್ಕಿಂತ ಮುಂಚೆ, ಸರಪಳಿಯಲ್ಲಿ ಯಾವ ಕೊಂಡಿ ಕಳಚಿದೆ ಎಂದು ಹುಡುಕುವುದಕ್ಕೇ ನಾನು ಜಾಸ್ತಿ ಸಮಯ ಕೊಟ್ಟೆ. ಈ ಬರಹದಲ್ಲೂ ಅದಕ್ಕೇ ಜಾಸ್ತಿ ಜಾಗ.

ಮೆನು ಬರಬೇಕಾದರೆ ಏನೇನು ಇರಬೇಕು

ಈಗಿನ ಯುಇಎಫ್‌ಐ (ಹಳೇ ಬಯೋಸ್ ಬದಲಿಗೆ ಬಂದ ಫರ್ಮ್‌ವೇರ್, ಅಂದರೆ ಮದರ್‌ಬೋರ್ಡ್‌ನಲ್ಲೇ ಇರುವ ಸಾಫ್ಟ್‌ವೇರ್) ಕಂಪ್ಯೂಟರ್‌ನಲ್ಲಿ ಬೂಟ್ ಮೆನು ಬರುವುದಕ್ಕೆ ಮೂರು ಕಡೆ ಮೂರು ವಿಷಯ ಸರಿ ಇರಬೇಕು. ಮೊದಲನೆಯದು ಫೈಲ್. ಡಿಸ್ಕ್‌ನ ಶುರುವಿನಲ್ಲಿ ಸಾಮಾನ್ಯವಾಗಿ ಒಂದು ಚಿಕ್ಕ ಪಾರ್ಟಿಷನ್ (ಡಿಸ್ಕ್‌ನ ಒಂದು ಭಾಗ) ಇರುತ್ತದೆ, ಅದನ್ನು ಇಎಸ್‌ಪಿ, ಅಂದರೆ ಇಎಫ್‌ಐ ಸಿಸ್ಟಂ ಪಾರ್ಟಿಷನ್ ಎನ್ನುತ್ತಾರೆ. ಅದು ಫ್ಯಾಟ್32 ಮಾದರಿಯದು. ವಿಂಡೋಸ್‌ನ ಬೂಟ್ ಫೈಲ್, ಲಿನಕ್ಸ್‌ನ ಬೂಟ್ ಫೈಲ್ ಎರಡೂ ಅದರೊಳಗೆ ಬೇರೆ ಬೇರೆ ಫೋಲ್ಡರ್‌ಗಳಲ್ಲಿ ಅಕ್ಕಪಕ್ಕ ಇರುತ್ತವೆ.

ಎರಡನೆಯದು ಆ ಫೈಲ್‌ನ ವಿಳಾಸ. ಇದು ಡಿಸ್ಕ್‌ನಲ್ಲಿ ಇರುವುದೇ ಇಲ್ಲ. ಮದರ್‌ಬೋರ್ಡ್‌ನ ಮೇಲಿರುವ, ಆಫ್ ಆದರೂ ಅಳಿಸದ ಮೆಮೊರಿಯಾದ ಎನ್‌ವಿ-ರ‍್ಯಾಮ್‌ನಲ್ಲಿ, ಯಾವ ಪಾರ್ಟಿಷನ್‌ನ ಯಾವ ಫೈಲ್ ಎಂದು ಬರೆದ ಒಂದು ಚೀಟಿಯ ಹಾಗೆ ಇರುತ್ತದೆ. ಇಂಥ ಚೀಟಿಗಳಿಗೆ ಬೂಟ್0000, ಬೂಟ್0001 ಎಂಬ ನಂಬರ್ ಇರುತ್ತದೆ. ಯಾವುದನ್ನು ಮೊದಲು ಪ್ರಯತ್ನಿಸಬೇಕು ಎನ್ನುವ ಸಾಲು ಬೇರೆ ಇರುತ್ತದೆ, ಅದೇ ಬೂಟ್ ಆರ್ಡರ್. ಮೂರನೆಯದು ಗ್ರಬ್ ತನ್ನೊಳಗೆ ಇಟ್ಟುಕೊಂಡ ಪಟ್ಟಿ, ಅಂದರೆ ಮೆನುವಿನಲ್ಲಿ ಏನೇನು ತೋರಿಸಬೇಕು ಎನ್ನುವ ಕಾನ್ಫಿಗ್ ಫೈಲ್. ಅದು ಲಿನಕ್ಸ್ ಪಾರ್ಟಿಷನ್‌ನಲ್ಲಿ ಇರುತ್ತದೆ.

ಮೂರರಲ್ಲಿ ಯಾವುದು ಕೆಟ್ಟರೂ ಜನ ಹೇಳುವುದು ಒಂದೇ ಮಾತು, "ಬೂಟ್ ಮೆನು ಹೋಯ್ತು" ಅಂತ. ಆದರೆ ಯಂತ್ರ ನಡೆದುಕೊಳ್ಳುವ ರೀತಿ ಬೇರೆ ಬೇರೆ. ಸೀದಾ ವಿಂಡೋಸ್‌ಗೆ ಹೋಗುತ್ತಿದ್ದರೆ ಮೊದಲು ವಿಳಾಸದ ಮೇಲೆ ಅನುಮಾನ ಪಡಬೇಕು. ಸೀದಾ ಲಿನಕ್ಸ್‌ಗೆ ಹೋಗುತ್ತಿದ್ದರೆ ಗ್ರಬ್ ಪಟ್ಟಿಯ ಮೇಲೆ. ಕಪ್ಪು ಪರದೆಯಲ್ಲಿ ಬರೀ ಗ್ರಬ್ ಪ್ರಾಂಪ್ಟ್ ಬಂದು ನಿಂತರೆ ಗ್ರಬ್ ಶುರುವಾಗಿದೆ, ಆದರೆ ತನ್ನ ಲಿನಕ್ಸ್ ಪಾರ್ಟಿಷನ್ ಅದಕ್ಕೆ ಸಿಕ್ಕಿಲ್ಲ ಎಂದು ಅರ್ಥ. ಯಾರೋ ವಿಂಡೋಸ್ ಒಳಗಿಂದ ಲಿನಕ್ಸ್ ಪಾರ್ಟಿಷನ್ ಅಳಿಸಿದಾಗ ಹೀಗಾಗುತ್ತದೆ. ನಮ್ಮ ಪ್ರಕರಣ ಮೊದಲನೇ ಗುಂಪಿನದು. ಅಷ್ಟು ಗೊತ್ತಾದರೆ ಅರ್ಧ ಗಾಬರಿ ಇಳಿಯುತ್ತದೆ, ಅಲ್ವಾ?

ವಿಂಡೋಸ್ ಒಳಗಿಂದಲೇ ನೋಡಿದ್ದು

ವಿಂಡೋಸ್ ಹೇಗೂ ಶುರುವಾಗುತ್ತಿತ್ತಲ್ಲ, ತಪಾಸಣೆ ಅಲ್ಲಿಂದಲೇ ಮಾಡಿದೆವು. ಮೊದಲು ಡಿಸ್ಕ್ ಮ್ಯಾನೇಜ್‌ಮೆಂಟ್. ಶುರುವಿನಲ್ಲಿ 260 ಎಂಬಿಯ ಇಎಫ್‌ಐ ಸಿಸ್ಟಂ ಪಾರ್ಟಿಷನ್, ಆಮೇಲೆ ಸಿ ಡ್ರೈವ್, ಒಂದು ರಿಕವರಿ ಪಾರ್ಟಿಷನ್. ಅದಾದ ಮೇಲೆ ಹೆಸರೂ ಇಲ್ಲದ, ಡ್ರೈವ್ ಅಕ್ಷರವೂ ಇಲ್ಲದ ಎರಡು ಪಾರ್ಟಿಷನ್. ಅವುಗಳ ಅಳತೆ ಆಕೆ ಡೆಬಿಯನ್‌ಗೆ ಕೊಟ್ಟಿದ್ದ ಜಾಗಕ್ಕೆ ಸರಿಯಾಗಿ ಹೊಂದುತ್ತಿತ್ತು.

ಲಿನಕ್ಸ್ ಬಳಸುವ ಎಕ್ಸ್‌ಟಿ4 ಫೈಲ್ ಸಿಸ್ಟಂ ವಿಂಡೋಸ್‌ಗೆ ಓದಲು ಬರುವುದಿಲ್ಲ. ಹಾಗಾಗಿ ಆ ಜಾಗದಲ್ಲಿ ಫೈಲ್ ಸಿಸ್ಟಂ ಹೆಸರು ಖಾಲಿ ಇತ್ತು. ಖಾಲಿ ಕಂಡರೆ ಖಾಲಿ ಎಂದಲ್ಲ. "ಹೆಲ್ತಿ" ಎಂದು ಬರೆದಿದ್ದರೆ ಪಾರ್ಟಿಷನ್ ಇದೆ ಎಂದು ಅರ್ಥ. ನಿಜವಾಗಿ ಅಳಿಸಿಹೋಗಿದ್ದರೆ ಅಲ್ಲಿ "ಅನ್‌ಅಲೊಕೇಟೆಡ್" ಎಂದು ಕಪ್ಪು ಪಟ್ಟಿಯಡಿ ಕಾಣುತ್ತಿತ್ತು. ಈ ವ್ಯತ್ಯಾಸ ಆಕೆಗೆ ತೋರಿಸಿದೆ. ಆಕೆ ಫೋನ್‌ನಲ್ಲಿ ಒಂದು ಫೋಟೋ ತೆಗೆದುಕೊಂಡಳು.

ಇಲ್ಲೊಂದು ಎಚ್ಚರಿಕೆ. ಇಂಥ ಪಾರ್ಟಿಷನ್ ಮೇಲೆ ರೈಟ್ ಕ್ಲಿಕ್ ಮಾಡಿದರೆ ಬರುವ ಆಯ್ಕೆಗಳಲ್ಲಿ ಕ್ಲಿಕ್ ಮಾಡಲು ಆಗುವುದು ಹೆಚ್ಚುಕಮ್ಮಿ ಡಿಲೀಟ್ ಒಂದೇ. ಹೇಗೋ ಡ್ರೈವ್ ಅಕ್ಷರ ಸಿಕ್ಕಿಬಿಟ್ಟಿದ್ದರೆ "ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು" ಎಂಬ ಪೆಟ್ಟಿಗೆಯೂ ಬರುತ್ತದೆ. ಅದಕ್ಕೆ ಕ್ಯಾನ್ಸಲ್ ಒತ್ತಬೇಕು. ವರ್ಷಗಟ್ಟಲೆ ಮಾಡಿದ ಕೆಲಸ ಹೋಗುವುದು ಈ ಒಂದು ಕ್ಲಿಕ್‌ನಲ್ಲಿ.

ಪಾರ್ಟಿಷನ್ ಇದೆ ಎಂದಾಯಿತು. ಮುಂದಿನದು ಬೂಟ್ ಫೈಲ್. ಇಎಸ್‌ಪಿ ಸಾಮಾನ್ಯವಾಗಿ ಕಾಣುವುದಿಲ್ಲ. ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು, ಮೌಂಟ್‌ವಾಲ್ ಎಂಬ ಕಮಾಂಡ್‌ಗೆ ಒಂದು ಖಾಲಿ ಡ್ರೈವ್ ಅಕ್ಷರ ಮತ್ತು ಸ್ಲ್ಯಾಶ್ ಎಸ್ ಕೊಟ್ಟರೆ ಅದು ಡ್ರೈವ್ ಆಗಿ ತೆರೆದುಕೊಳ್ಳುತ್ತದೆ. ಒಳಗಿನ ಇಎಫ್‌ಐ ಫೋಲ್ಡರ್‌ನಲ್ಲಿ ಮೂರು ಫೋಲ್ಡರ್ ಕಂಡವು: ಬೂಟ್, ಮೈಕ್ರೋಸಾಫ್ಟ್, ಡೆಬಿಯನ್. ಡೆಬಿಯನ್ ಒಳಗೆ ಬೂಟ್ ಫೈಲ್‌ಗಳಾದ ಶಿಮ್‌ಎಕ್ಸ್64, ಗ್ರಬ್‌ಎಕ್ಸ್64 ಎರಡೂ ಇದ್ದವು, ಜೊತೆಗೆ ಚಿಕ್ಕದೊಂದು ಗ್ರಬ್ ಡಾಟ್ ಸಿಎಫ್‌ಜಿ. ಒಂದೂ ಕಾಣೆಯಾಗಿರಲಿಲ್ಲ. ನೋಡಿ ಆದ ಮೇಲೆ ಅದೇ ಕಮಾಂಡ್‌ಗೆ ಸ್ಲ್ಯಾಶ್ ಡಿ ಕೊಟ್ಟು ಆ ಡ್ರೈವ್ ಅಕ್ಷರ ತೆಗೆದುಹಾಕಿದೆ. ಇಎಸ್‌ಪಿಯನ್ನು ಸುಮ್ನೆ ತೆರೆದಿಟ್ಟು ಹೋಗುವುದು ಒಳ್ಳೆಯದಲ್ಲ.

ಉಳಿದಿದ್ದು ವಿಳಾಸ. ಬಿಸಿಡಿಎಡಿಟ್ ಕಮಾಂಡ್‌ಗೆ ಸ್ಲ್ಯಾಶ್ ಎನಮ್ ಫರ್ಮ್‌ವೇರ್ ಎಂದು ಕೊಟ್ಟರೆ ಎನ್‌ವಿ-ರ‍್ಯಾಮ್‌ನಲ್ಲಿ ಇರುವ ಬೂಟ್ ಎಂಟ್ರಿಗಳನ್ನು ವಿಂಡೋಸ್ ಪಟ್ಟಿ ಮಾಡುತ್ತದೆ. ವಿಂಡೋಸ್‌ನದ್ದಲ್ಲದ ಎಂಟ್ರಿಗಳು "ಫರ್ಮ್‌ವೇರ್ ಅಪ್ಲಿಕೇಶನ್" ಎಂಬ ತಲೆಬರಹದಡಿ ಬರುತ್ತವೆ. ಇಲ್ಲಿ ಬಂದದ್ದು ವಿಂಡೋಸ್ ಬೂಟ್ ಮ್ಯಾನೇಜರ್ ಮತ್ತು ನೆಟ್‌ವರ್ಕ್ ಬೂಟ್. ಡೆಬಿಯನ್ ಹೆಸರಿಲ್ಲ. ರೀಸ್ಟಾರ್ಟ್ ಮಾಡಿ ಎಫ್12 ಒತ್ತಿ ಫರ್ಮ್‌ವೇರ್‌ನ ಸ್ವಂತ ಬೂಟ್ ಪಟ್ಟಿಯನ್ನೂ ನೋಡಿದೆವು. ಅದೂ ಅದನ್ನೇ ಹೇಳಿತು.

ಆ ಪಟ್ಟಿಯಲ್ಲಿ ಡೆಬಿಯನ್ ಇದ್ದು ಕೆಳಗೆ ಹೋಗಿದ್ದರೆ ಕೆಲಸ ಇನ್ನೂ ಸುಲಭವಿತ್ತು. ಫರ್ಮ್‌ವೇರ್ ಸೆಟಪ್‌ಗೆ ಹೋಗಿ ಮೇಲಕ್ಕೆ ತಂದರೆ ಮುಗಿಯುತ್ತಿತ್ತು. ಬಹಳಷ್ಟು ಪ್ರಕರಣಗಳು ಅಷ್ಟೇ ಇರುತ್ತವೆ. ಅದಕ್ಕೇ ಪೆನ್ ಡ್ರೈವ್ ಹುಡುಕುವ ಮೊದಲು ಈ ಪಟ್ಟಿ ನೋಡಲೇಬೇಕು. ನಮ್ಮಲ್ಲಿ ಎಂಟ್ರಿಯೇ ಇರಲಿಲ್ಲ.

ಹೋಗಿದ್ದು ಹೇಗೆ

"ವಿಂಡೋಸ್ ಅಪ್‌ಡೇಟ್ ಆದಮೇಲೆ" ಎಂದಿದ್ದಳಲ್ಲ, ಅದನ್ನು ಹಿಡಿದು ಅಪ್‌ಡೇಟ್ ಹಿಸ್ಟರಿ ತೆರೆದೆ. ಮಾಮೂಲಿ ಭದ್ರತಾ ಅಪ್‌ಡೇಟ್‌ಗಳ ಜೊತೆಗೆ, ಡ್ರೈವರ್ ವಿಭಾಗದಲ್ಲಿ, ಲ್ಯಾಪ್‌ಟಾಪ್ ತಯಾರಕರ ಹೆಸರಿನ ಒಂದು ಫರ್ಮ್‌ವೇರ್ ಅಪ್‌ಡೇಟ್ ಇತ್ತು. ಈಗ ಫರ್ಮ್‌ವೇರ್ ಅಪ್‌ಡೇಟ್‌ಗಳು ಹೀಗೂ ಬರುತ್ತವೆ. ರೀಸ್ಟಾರ್ಟ್ ಆಗುವಾಗ ಲೋಗೋ ಕೆಳಗೆ ಒಂದು ಪ್ರೋಗ್ರೆಸ್ ಪಟ್ಟಿ ಓಡಿ ಮುಗಿಯುತ್ತದೆ. ನೋಡುವವರಿಗೆ ಅದೂ ವಿಂಡೋಸ್ ಅಪ್‌ಡೇಟ್‌ನ ಹಾಗೇ ಕಾಣುತ್ತದೆ.

ಸಿಸ್ಟಂ ಇನ್ಫರ್ಮೇಶನ್‌ನಲ್ಲಿ ಬಯೋಸ್ ಆವೃತ್ತಿಯ ದಿನಾಂಕ ಹೊಸದಾಗಿತ್ತು. ಇನ್ನೂ ಒಂದು ಸುಳಿವು ಸಿಕ್ಕಿತು. ಫಂಕ್ಷನ್ ಕೀಗಳು ಫಂಕ್ಷನ್ ಕೀಗಳಾಗಿಯೇ ಕೆಲಸ ಮಾಡಲಿ ಎಂದು ಆಕೆ ಹಿಂದೆ ಫರ್ಮ್‌ವೇರ್ ಸೆಟಪ್‌ನಲ್ಲಿ ಬದಲಿಸಿದ್ದಳು. ಈಗ ಅದು ಹಳೇ ಸ್ಥಿತಿಗೆ ಹೋಗಿತ್ತು, ಒತ್ತಿದರೆ ವಾಲ್ಯೂಮ್ ಬದಲಾಗುತ್ತಿತ್ತು. ಅಂದರೆ ಫರ್ಮ್‌ವೇರ್ ಅಪ್‌ಡೇಟ್ ಸೆಟ್ಟಿಂಗ್‌ಗಳನ್ನೆಲ್ಲ ಮೊದಲಿನಂತೆ ಮಾಡಿದೆ, ಅದರ ಜೊತೆಗೇ ಬೂಟ್ ಎಂಟ್ರಿಗಳೂ ಹೋಗಿವೆ. ವಿಂಡೋಸ್‌ನ ಎಂಟ್ರಿ ಮತ್ತೆ ಹುಟ್ಟಿಕೊಂಡಿತು, ಏಕೆಂದರೆ ಅದರ ಫೈಲ್ ಎಲ್ಲಿರುತ್ತದೆ ಎಂಬುದು ಎಷ್ಟೋ ಫರ್ಮ್‌ವೇರ್‌ಗಳಿಗೆ ಮೊದಲೇ ಗೊತ್ತು. ಡೆಬಿಯನ್ ಫೋಲ್ಡರ್‌ನಲ್ಲಿ ಹುಡುಕಬೇಕು ಎಂದು ಅದಕ್ಕೆ ಹೇಳುವವರು ಯಾರೂ ಇರಲಿಲ್ಲ.

ಈ ಕಾರಣ ಗೊತ್ತಾಗಿದ್ದರಿಂದ ದುರಸ್ತಿಯ ಗಾತ್ರವೇ ಚಿಕ್ಕದಾಯಿತು. ಸಾಮಾನ್ಯವಾಗಿ ಸಿಗುವ ಸಲಹೆ ಏನೆಂದರೆ, ಲೈವ್ ಯುಎಸ್‌ಬಿಯಿಂದ (ಇನ್‌ಸ್ಟಾಲ್ ಮಾಡದೆ ಲಿನಕ್ಸ್ ಓಡಿಸುವ ಪೆನ್ ಡ್ರೈವ್) ಬೂಟ್ ಮಾಡಿ, ಪಾರ್ಟಿಷನ್‌ಗಳನ್ನು ಮೌಂಟ್ ಮಾಡಿ, ಅಂದರೆ ತೆರೆದು, ಚ್‌ರೂಟ್ ಕಮಾಂಡ್‌ನಿಂದ ಡಿಸ್ಕ್‌ನಲ್ಲಿರುವ ಲಿನಕ್ಸ್ ಒಳಗೆ ಹೋಗಿ, ಗ್ರಬ್ ಮತ್ತೆ ಇನ್‌ಸ್ಟಾಲ್ ಮಾಡುವುದು. ಅದು ತಪ್ಪಲ್ಲ. ಆದರೆ ಫೈಲ್ ಸರಿ ಇದ್ದು ವಿಳಾಸ ಮಾತ್ರ ಇಲ್ಲದಿರುವಾಗ ಅಷ್ಟೆಲ್ಲ ಬೇಕಿಲ್ಲ. ಇನ್ನು ಕೆಲವರು ಆಕೆಗೆ ಬೂಟ್‌ರೆಕ್ ಕಮಾಂಡ್‌ನಿಂದ ಎಂಬಿಆರ್ (ಡಿಸ್ಕ್‌ನ ಮೊದಲ ಸೆಕ್ಟರ್, ಹಳೇ ಬಯೋಸ್ ಯಂತ್ರಗಳು ಬೂಟ್ ಶುರುಮಾಡುವ ಜಾಗ) ಸರಿಮಾಡಲು ಹೇಳಿದ್ದರು. ಯುಇಎಫ್‌ಐ ಯಂತ್ರ ಬೂಟ್ ಆಗುವುದಕ್ಕೆ ಎಂಬಿಆರ್‌ನಲ್ಲಿರುವ ಕೋಡ್ ಬಳಸುವುದೇ ಇಲ್ಲ. ಅದರಿಂದ ಇಲ್ಲಿ ಏನೂ ಪ್ರಯೋಜನವಿಲ್ಲ.

ಕೈ ಹಾಕುವ ಮೊದಲು ಬಿಟ್‌ಲಾಕರ್

ಇದು ಈ ಪ್ರಕರಣದಲ್ಲಿ ನನಗೆ ಅತ್ಯಂತ ಮುಖ್ಯವೆನಿಸಿದ ಹೆಜ್ಜೆ. ಈಗಿನ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಮಾಲೀಕರಿಗೆ ಗೊತ್ತಿಲ್ಲದೆಯೇ, ವಿಂಡೋಸ್‌ನ ಬಿಟ್‌ಲಾಕರ್ ಎಂಬ ಸೌಲಭ್ಯದಿಂದ ಸಿ ಡ್ರೈವ್ ಎನ್‌ಕ್ರಿಪ್ಟ್ ಆಗಿರುತ್ತದೆ, ಅಂದರೆ ಕೀಲಿ ಇಲ್ಲದೆ ಓದಲು ಆಗುವುದಿಲ್ಲ. ಬೀಗದ ಕೀಲಿ ಟಿಪಿಎಂ ಚಿಪ್‌ನಲ್ಲಿರುತ್ತದೆ. ಬೂಟ್ ಆಗುವ ದಾರಿ ಎಂದಿನಂತೆ ಇದ್ದರೆ ಮಾತ್ರ ಚಿಪ್ ಕೀಲಿ ಕೊಡುತ್ತದೆ. ಸೆಕ್ಯೂರ್ ಬೂಟ್ (ಒಪ್ಪಿದ ಸಹಿ ಇರುವ ಬೂಟ್ ಫೈಲ್‌ಗಳನ್ನು ಮಾತ್ರ ಓಡಲು ಬಿಡುವ ಸೆಟ್ಟಿಂಗ್) ಬದಲಿಸಿದರೆ, ಅಥವಾ ವಿಂಡೋಸ್ ಬೇರೆ ಬೂಟ್‌ಲೋಡರ್ ಮೂಲಕ ಶುರುವಾದರೆ, ಅದು 48 ಅಂಕಿಯ ರಿಕವರಿ ಕೀ ಕೇಳಬಹುದು. ಆ ಕೀ ಇಲ್ಲದಿದ್ದರೆ ಈ ಸಲ ನಿಜವಾಗಿಯೂ ಡೇಟಾ ಹೋದ ಹಾಗೇ.

ಮ್ಯಾನೇಜ್-ಬಿಡಿಇ ಕಮಾಂಡ್‌ನಿಂದ ಸ್ಥಿತಿ ನೋಡಿದೆವು. ಎನ್‌ಕ್ರಿಪ್ಷನ್ 100 ಪರ್ಸೆಂಟ್, ಪ್ರೊಟೆಕ್ಷನ್ ಆನ್. ಆಕೆಗೆ ಇದು ಹೊಸ ಸುದ್ದಿ. ಮೈಕ್ರೋಸಾಫ್ಟ್ ಖಾತೆಗೆ ಲಾಗಿನ್ ಆಗಿ ರಿಕವರಿ ಕೀ ಹುಡುಕಿ, ಕಾಗದದ ಮೇಲೆ ಬರೆದು, ಒಂದೊಂದೇ ಗುಂಪು ಓದಿಸಿ ತಾಳೆ ನೋಡಿಸಿದೆ. ಆಮೇಲೆ ಪ್ರೊಟೆಕ್ಷನ್ ತಾತ್ಕಾಲಿಕವಾಗಿ ನಿಲ್ಲಿಸಿದೆವು. ಇದರಿಂದ ಡಿಸ್ಕ್ ಡಿಕ್ರಿಪ್ಟ್ ಆಗುವುದಿಲ್ಲ, ಬೂಟ್ ದಾರಿಯ ಪರೀಕ್ಷೆ ಮಾತ್ರ ನಿಲ್ಲುತ್ತದೆ. ಸುಮ್ನೆ ನಿಲ್ಲಿಸಿದರೆ ಒಂದು ರೀಸ್ಟಾರ್ಟ್ ಆದ ಮೇಲೆ ಅದು ತಾನಾಗಿಯೇ ಮತ್ತೆ ಶುರುವಾಗುತ್ತದೆ. ಅದಕ್ಕೆ ರೀಬೂಟ್ ಕೌಂಟ್ 0 ಎಂದು ಕೊಟ್ಟೆ. ಆಗ ನಾವೇ ಶುರುಮಾಡುವ ತನಕ ನಿಂತಿರುತ್ತದೆ.

ಕೊನೆಗೆ ಶಿಫ್ಟ್ ಕೀ ಒತ್ತಿ ಹಿಡಿದು ಶಟ್‌ಡೌನ್ ಮಾಡಿದೆವು. ಫಾಸ್ಟ್ ಸ್ಟಾರ್ಟಪ್ ಆನ್ ಇರುವ ವಿಂಡೋಸ್ ಮಾಮೂಲಿ ಶಟ್‌ಡೌನ್‌ನಲ್ಲಿ ಪೂರ್ತಿ ಆಫ್ ಆಗುವುದಿಲ್ಲ. ತನ್ನ ಕರ್ನಲ್‌ನ ಸ್ಥಿತಿಯನ್ನು ಡಿಸ್ಕ್‌ನಲ್ಲಿ ಉಳಿಸಿ ಮಲಗುತ್ತದೆ. ಆ ಸ್ಥಿತಿಯಲ್ಲಿ ಹೊರಗಿನಿಂದ ಡಿಸ್ಕ್‌ಗೆ ಏನಾದರೂ ಬರೆಯುವುದು ಸುರಕ್ಷಿತವಲ್ಲ. ಶಿಫ್ಟ್ ಒತ್ತಿದರೆ ನಿಜವಾದ ಶಟ್‌ಡೌನ್ ಆಗುತ್ತದೆ.

ದುರಸ್ತಿ

ಕೆಲವು ಫರ್ಮ್‌ವೇರ್‌ಗಳಲ್ಲಿ ಸೆಟಪ್ ಒಳಗಿಂದಲೇ ಫೈಲ್ ಆರಿಸಿ ಹೊಸ ಬೂಟ್ ಎಂಟ್ರಿ ಸೇರಿಸಬಹುದು. ಇದರಲ್ಲಿ ಆ ಸೌಲಭ್ಯ ಇರಲಿಲ್ಲ. ಹಾಗಾಗಿ ಡೆಬಿಯನ್ ಲೈವ್ ಪೆನ್ ಡ್ರೈವ್ ಬಳಸಿದೆವು. ಪೆನ್ ಡ್ರೈವ್‌ನಿಂದ ಬೂಟ್ ಮಾಡುವಾಗ ಯುಇಎಫ್‌ಐ ರೀತಿಯಲ್ಲೇ ಬೂಟ್ ಆಗಬೇಕು. ಹಳೇ ಬಯೋಸ್ ರೀತಿಯೂ ಇರುವ ಯಂತ್ರಗಳಲ್ಲಿ ಒಂದೇ ಪೆನ್ ಡ್ರೈವ್ ಪಟ್ಟಿಯಲ್ಲಿ ಎರಡು ಸಲ ಕಾಣಬಹುದು. ಯುಇಎಫ್‌ಐ ಎಂದು ಹೆಸರಿನ ಮುಂದೆ ಇರುವುದನ್ನೇ ಆರಿಸಬೇಕು. ಬೂಟ್ ಆದ ಮೇಲೆ, ಸಿಸ್ ಡೈರೆಕ್ಟರಿಯ ಫರ್ಮ್‌ವೇರ್ ಒಳಗೆ ಇಎಫ್‌ಐ ಎಂಬ ಡೈರೆಕ್ಟರಿ ಇದೆಯೇ ಎಂದು ನೋಡಿದರೆ ಖಾತ್ರಿಯಾಗುತ್ತದೆ. ಇಲ್ಲದಿದ್ದರೆ ಮುಂದಿನ ಕಮಾಂಡ್ "ಇಎಫ್‌ಐ ವೇರಿಯಬಲ್‌ಗಳಿಗೆ ಬೆಂಬಲವಿಲ್ಲ" ಎಂದು ಹೇಳಿ ನಿಲ್ಲುತ್ತದೆ. ಎಷ್ಟೋ ಜನ ಇಲ್ಲಿ ಸಿಕ್ಕಿಕೊಳ್ಳುತ್ತಾರೆ.

ಮೊದಲು ಎಲ್‌ಎಸ್‌ಬಿಎಲ್‌ಕೆ ಕಮಾಂಡ್‌ನಿಂದ ಡಿಸ್ಕ್ ಮತ್ತು ಪಾರ್ಟಿಷನ್ ನಂಬರ್ ನೋಡಿದೆ. ಈ ನಂಬರ್‌ಗಳನ್ನು ವಿಂಡೋಸ್‌ನಲ್ಲಿ ಕಂಡ ಚಿತ್ರದಿಂದ ಎಣಿಸಬಾರದು. 16 ಎಂಬಿಯ ಒಂದು ಕಾಯ್ದಿಟ್ಟ ಪಾರ್ಟಿಷನ್ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಕಾಣುವುದೇ ಇಲ್ಲ, ಲಿನಕ್ಸ್‌ನಲ್ಲಿ ಕಾಣುತ್ತದೆ. ನಮ್ಮಲ್ಲಿ ಇಎಸ್‌ಪಿ 1ನೇ ಪಾರ್ಟಿಷನ್.

ಆಮೇಲೆ ಇಎಫ್‌ಐಬೂಟ್‌ಎಂಜಿಆರ್ ಕಮಾಂಡ್. ಅದಕ್ಕೆ ಕೊಟ್ಟದ್ದು ಇಷ್ಟು: ಹೊಸ ಎಂಟ್ರಿ ಮಾಡು, ಈ ಡಿಸ್ಕ್, 1ನೇ ಪಾರ್ಟಿಷನ್, ಹೆಸರು ಡೆಬಿಯನ್, ಫೈಲ್ ಇರುವುದು ಇಎಫ್‌ಐ ಒಳಗಿನ ಡೆಬಿಯನ್ ಫೋಲ್ಡರ್‌ನ ಶಿಮ್‌ಎಕ್ಸ್64 ಡಾಟ್ ಇಎಫ್‌ಐ. ಫೈಲ್ ದಾರಿ ಬರೆಯುವಾಗ ವಿಂಡೋಸ್ ರೀತಿಯ ಬ್ಯಾಕ್‌ಸ್ಲ್ಯಾಶ್ ಬಳಸಬೇಕು, ಇಡೀ ದಾರಿಯನ್ನು ಸಿಂಗಲ್ ಕೋಟ್ ಒಳಗೆ ಇಡಬೇಕು. ಕೋಟ್ ಇಲ್ಲದಿದ್ದರೆ ಶೆಲ್ ಆ ಬ್ಯಾಕ್‌ಸ್ಲ್ಯಾಶ್‌ಗಳನ್ನು ನುಂಗಿಬಿಡುತ್ತದೆ. ಹೆಸರನ್ನೂ ಮೊದಲಿದ್ದಂತೆ ಚಿಕ್ಕಕ್ಷರದ ಡೆಬಿಯನ್ ಎಂದೇ ಇಟ್ಟೆ. ಮುಂದೆ ಗ್ರಬ್ ಅಪ್‌ಡೇಟ್ ಆದಾಗ ಒಂದೇ ಹೆಸರಿನ ಹಳೇ ಎಂಟ್ರಿ ತೆಗೆದು ಹೊಸದು ಹಾಕುತ್ತದೆ. ಬೇರೆ ಹೆಸರಿದ್ದರೆ ಎರಡೆರಡು ಎಂಟ್ರಿ ಉಳಿದು ಗೊಂದಲವಾಗುತ್ತದೆ.

ಗ್ರಬ್ ಫೈಲ್ ಬಿಟ್ಟು ಶಿಮ್ ಏಕೆ? ಸೆಕ್ಯೂರ್ ಬೂಟ್ ಆನ್ ಇರುವಾಗ ಫರ್ಮ್‌ವೇರ್ ಒಪ್ಪುವ ಸಹಿ ಇರುವುದು ಶಿಮ್‌ಗೆ. ಶಿಮ್ ಗ್ರಬ್ ಅನ್ನು ಪರೀಕ್ಷಿಸಿ ಮುಂದೆ ಬಿಡುತ್ತದೆ. ನೇರವಾಗಿ ಗ್ರಬ್ ಫೈಲ್ ತೋರಿಸಿದ್ದರೆ ಬೂಟ್ ಆಗುತ್ತಿರಲಿಲ್ಲ.

ಎಂಟರ್ ಒತ್ತಿದ ಮೇಲೆ ಬಂದ ಪಟ್ಟಿಯಲ್ಲಿ ಡೆಬಿಯನ್ ಎಂಬ ಹೊಸ ಸಾಲು ಕಂಡಿತು, ಬೂಟ್ ಆರ್ಡರ್‌ನಲ್ಲಿ ಅದರ ನಂಬರ್ ಮೊದಲಿತ್ತು. ಪೆನ್ ಡ್ರೈವ್ ತೆಗೆದು ರೀಸ್ಟಾರ್ಟ್ ಮಾಡಿದೆವು. ಗ್ರಬ್ ಮೆನು ಬಂತು. ಡೆಬಿಯನ್ ತೆರೆದು ಹೋಮ್ ಫೋಲ್ಡರ್ ಕ್ಲಿಕ್ ಮಾಡಿದಾಗ ಪ್ರಬಂಧದ ಫೋಲ್ಡರ್ ಇದ್ದಲ್ಲೇ ಇತ್ತು. ಬೇರೆ ಯಾವ ಕೆಲಸಕ್ಕೂ ಹೋಗುವ ಮೊದಲು ಅದನ್ನು ಹೊರಗಿನ ಡಿಸ್ಕ್‌ಗೆ ಕಾಪಿ ಮಾಡಿಸಿದೆ.

ಮೆನು ಬಂತು, ಆದರೆ ವಿಂಡೋಸ್ ಇಲ್ಲ

ಮೆನುವಿನಲ್ಲಿ ಇದ್ದದ್ದು ಡೆಬಿಯನ್, ಅದರ ಅಡ್ವಾನ್ಸ್ಡ್ ಆಯ್ಕೆಗಳು, ಯುಇಎಫ್‌ಐ ಫರ್ಮ್‌ವೇರ್ ಸೆಟ್ಟಿಂಗ್ಸ್. ವಿಂಡೋಸ್ ಹೆಸರಿರಲಿಲ್ಲ. "ವಿಂಡೋಸ್ ಎಲ್ಲಿ?" ಎಂದು ಕೇಳಿದೆ.

"ಅದು ಮೊದಲಿಂದಾನೂ ಇರ್ಲಿಲ್ಲ ಅಣ್ಣ. ಅಂದ್ರೆ, ಹೋದ ಸಲ ಡೆಬಿಯನ್ ಅಪ್‌ಗ್ರೇಡ್ ಮಾಡಿದ್ಮೇಲೆ ಕಾಣಿಸ್ತಿಲ್ಲ. ವಿಂಡೋಸ್ ಬೇಕಾದಾಗ ಎಫ್12 ಒತ್ತಿ ಹೋಗ್ತಿದ್ದೆ."

ಇಲ್ಲಿ ಪ್ರಕರಣಕ್ಕೆ ಎರಡನೇ ಅಧ್ಯಾಯ ತೆರೆದುಕೊಂಡಿತು. ಕೆಟ್ಟದ್ದು ಒಂದಲ್ಲ, ಎರಡು. ಎರಡಕ್ಕೂ ಒಂದಕ್ಕೊಂದು ಸಂಬಂಧವಿಲ್ಲ. ಮೊದಲನೆಯದು ಆದದ್ದು ಡೆಬಿಯನ್ 11ರಿಂದ 12ಕ್ಕೆ ಹೋದಾಗ. ಅದಕ್ಕೊಂದು ಉಪಾಯ ಸಿಕ್ಕಿದ್ದರಿಂದ ಆಕೆ ಅದನ್ನು ದೋಷ ಎಂದೇ ಎಣಿಸಿರಲಿಲ್ಲ. ಎರಡನೆಯದು ಆದದ್ದು ಫರ್ಮ್‌ವೇರ್ ಅಪ್‌ಡೇಟ್‌ನಲ್ಲಿ. ಆಗ ಮಾತ್ರ ಗಾಬರಿಯಾಗಿ ಫೋನ್ ಮಾಡಿದ್ದು. ಹಾಗಾಗಿ "ಯಾವಾಗಿಂದ ಹೀಗೆ?" ಎಂದು ಕೇಳುವಾಗ "ಅದಕ್ಕೆ ಮುಂಚೆ ಏನಾದ್ರೂ ಬದಲಾಗಿತ್ತಾ?" ಎಂದೂ ಕೇಳಬೇಕು. ಎರಡನೇ ಪ್ರಶ್ನೆಗೆ ಬರುವ ಉತ್ತರದಲ್ಲೇ ಬಹಳಷ್ಟು ಸಲ ವಿಷಯ ಇರುತ್ತದೆ.

ಹಿನ್ನೆಲೆ ಹೀಗಿದೆ. ಬೇರೆ ಓಎಸ್‌ಗಳನ್ನು (ಆಪರೇಟಿಂಗ್ ಸಿಸ್ಟಂಗಳನ್ನು) ಹುಡುಕಿ ಮೆನುವಿಗೆ ಸೇರಿಸುವ ಕೆಲಸ ಮಾಡುವುದು ಓಎಸ್-ಪ್ರೋಬರ್ ಎಂಬ ಪ್ರೋಗ್ರಾಂ. ಅದು ಕಂಪ್ಯೂಟರ್‌ನ ಎಲ್ಲ ಪಾರ್ಟಿಷನ್‌ಗಳನ್ನು ರೂಟ್ ಅಧಿಕಾರದಿಂದ (ಲಿನಕ್ಸ್‌ನ ಪೂರ್ಣ ಅಧಿಕಾರ) ತೆರೆದು ನೋಡುತ್ತದೆ. ವರ್ಚುವಲ್ ಯಂತ್ರಗಳ ಡಿಸ್ಕ್‌ಗಳು ಅದೇ ಕಂಪ್ಯೂಟರ್‌ನಲ್ಲಿ ಓಡುತ್ತಿದ್ದರೆ ಇದರಿಂದ ಅವು ಹಾಳಾಗಬಹುದು, ಭದ್ರತೆಗೂ ಅಪಾಯ. ಅದಕ್ಕೇ 2021ರಲ್ಲಿ ಬಂದ ಗ್ರಬ್ 2.06ರಿಂದ ಇದನ್ನು ಮೊದಲೇ ಆಫ್ ಮಾಡಿ ಕೊಡಲು ಶುರುಮಾಡಿದರು. 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12 ಕೂಡ ಅದನ್ನೇ ಪಾಲಿಸಿತು, ಬಿಡುಗಡೆ ಟಿಪ್ಪಣಿಯಲ್ಲಿ ಸ್ಪಷ್ಟವಾಗಿ ಹೇಳಿಯೂ ಇತ್ತು. ನಿರ್ಧಾರಕ್ಕೆ ಒಳ್ಳೆಯ ಕಾರಣ ಇದೆ. ಆದರೆ ಎರಡು ಓಎಸ್ ಇಟ್ಟುಕೊಂಡ ಸಾಮಾನ್ಯ ಬಳಕೆದಾರರಿಗೆ ಇದು ಗೊತ್ತಾಗುವುದು ಮೆನುವಿನಿಂದ ವಿಂಡೋಸ್ ಮಾಯವಾದಾಗ.

ಡೆಬಿಯನ್‌ನಲ್ಲಿ ರೂಟ್ ಆಗಿ ಅಪ್‌ಡೇಟ್-ಗ್ರಬ್ ಕಮಾಂಡ್ ಕೊಟ್ಟೆ. ಬೇರೆ ಪಾರ್ಟಿಷನ್‌ಗಳನ್ನು ಹುಡುಕಲು ಓಎಸ್-ಪ್ರೋಬರ್ ಓಡಿಸುವುದಿಲ್ಲ ಎಂಬ ಎಚ್ಚರಿಕೆಯ ಸಾಲು ನಿರೀಕ್ಷಿಸಿದಂತೆಯೇ ಬಂತು. ಗ್ರಬ್‌ನ ಸೆಟ್ಟಿಂಗ್ಸ್ ಇರುವುದು ಇಟಿಸಿ ಒಳಗಿನ ಡಿಫಾಲ್ಟ್ ಡೈರೆಕ್ಟರಿಯ ಗ್ರಬ್ ಎಂಬ ಫೈಲ್‌ನಲ್ಲಿ. ಅದರ ಒಂದು ಕಾಪಿ ಇಟ್ಟುಕೊಂಡು ತೆರೆದೆವು. ಓಎಸ್-ಪ್ರೋಬರ್ ಡಿಸೇಬಲ್ ಎಂಬ ಸಾಲಿನ ಎದುರು ಫಾಲ್ಸ್ ಎಂದೇ ಬರೆದಿತ್ತು. ಆದರೆ ಆ ಸಾಲಿನ ಮುಂದೆ ಹ್ಯಾಶ್ ಗುರುತು ಇತ್ತು, ಅಂದರೆ ಅದು ಬರೀ ಕಾಮೆಂಟ್. ಹ್ಯಾಶ್ ತೆಗೆದು ಸೇವ್ ಮಾಡಿ ಮತ್ತೆ ಅಪ್‌ಡೇಟ್-ಗ್ರಬ್ ಕೊಟ್ಟೆವು. ಈ ಸಲ 1ನೇ ಪಾರ್ಟಿಷನ್‌ನಲ್ಲಿ ವಿಂಡೋಸ್ ಬೂಟ್ ಮ್ಯಾನೇಜರ್ ಸಿಕ್ಕಿದೆ ಎಂಬ ಸಾಲು ಬಂತು.

ಸಿ ಡ್ರೈವ್ ಎನ್‌ಕ್ರಿಪ್ಟ್ ಆಗಿದ್ದರೂ ವಿಂಡೋಸ್ ಸಿಕ್ಕಿದ್ದು ಹೇಗೆ ಎಂದು ಆಕೆ ಕೇಳಿದಳು. ಒಳ್ಳೆಯ ಪ್ರಶ್ನೆ. ಯುಇಎಫ್‌ಐನಲ್ಲಿ ಓಎಸ್-ಪ್ರೋಬರ್ ವಿಂಡೋಸ್‌ಗಾಗಿ ಸಿ ಡ್ರೈವ್ ಓದಬೇಕಾಗಿಲ್ಲ. ಇಎಸ್‌ಪಿಯಲ್ಲಿ ಮೈಕ್ರೋಸಾಫ್ಟ್ ಫೋಲ್ಡರ್‌ನ ಬೂಟ್ ಫೈಲ್ ಇದ್ದರೆ ಸಾಕು. ಇಎಸ್‌ಪಿ ಎನ್‌ಕ್ರಿಪ್ಟ್ ಆಗಿರುವುದಿಲ್ಲ.

ಗ್ರಬ್ ಮೂಲಕ ವಿಂಡೋಸ್‌ಗೆ ಹೋದಾಗ

ಮೆನುವಿನಿಂದ ವಿಂಡೋಸ್ ಆರಿಸಿದೆವು. ಪ್ರೊಟೆಕ್ಷನ್ ನಿಲ್ಲಿಸಿದ್ದರಿಂದ ರಿಕವರಿ ಕೀ ಕೇಳದೆ ತೆರೆದುಕೊಂಡಿತು. ಈಗ, ಅಂದರೆ ಗ್ರಬ್ ದಾರಿಯಿಂದಲೇ ಬಂದು ತಲುಪಿದ ಈ ವಿಂಡೋಸ್‌ನಲ್ಲಿ, ಪ್ರೊಟೆಕ್ಷನ್ ಮತ್ತೆ ಶುರುಮಾಡಿದೆವು. ಹೀಗೆ ಮಾಡಿದಾಗ ಟಿಪಿಎಂ ಈಗಿನ ದಾರಿಯನ್ನೇ ಎಂದಿನ ದಾರಿ ಎಂದು ಇಟ್ಟುಕೊಳ್ಳುತ್ತದೆ. ಮತ್ತೆ ರೀಸ್ಟಾರ್ಟ್ ಮಾಡಿ, ಮತ್ತೆ ಗ್ರಬ್ ಮೂಲಕ ಹೋದೆವು. ಕೀ ಕೇಳಲಿಲ್ಲ.

ಇದಕ್ಕೊಂದು ಬೆಲೆ ಇದೆ, ಅದನ್ನು ಆಕೆಗೆ ಬಿಡಿಸಿ ಹೇಳಿದೆ. ಇನ್ನು ಮುಂದೆ ಎಫ್12ರಿಂದ ನೇರವಾಗಿ ವಿಂಡೋಸ್‌ಗೆ ಹೋದರೆ ಕೀ ಕೇಳಬಹುದು. ಡೆಬಿಯನ್‌ನಲ್ಲಿ ಶಿಮ್ ಅಥವಾ ಗ್ರಬ್ ಅಪ್‌ಡೇಟ್ ಆದ ಮೇಲೂ ಕೇಳಬಹುದು. ಯಾವಾಗಲೂ ಒಂದೇ ದಾರಿ ಬಳಸಬೇಕು, ಕೀ ಬರೆದ ಕಾಗದ ಕೈಗೆ ಸಿಗುವಂತಿರಬೇಕು. ವಿಂಡೋಸ್ ಅನ್ನು ದಿನವೂ ಬಳಸುವವರಾದರೆ ನಾನು ಇದನ್ನು ಹೇಳುತ್ತಿರಲಿಲ್ಲ. ಅವರಿಗೆ ಫರ್ಮ್‌ವೇರ್‌ನ ಬೂಟ್ ಪಟ್ಟಿಯೇ ಸರಿ, ಬಿಟ್‌ಲಾಕರ್ ಅಲ್ಲಿ ತಕರಾರು ಮಾಡುವುದಿಲ್ಲ.

ನೋಡಲು ಇದೇ ತರಹದ ಬೇರೆ ಪ್ರಕರಣಗಳು

ಆಕೆಗೆ ಕೊಟ್ಟಿದ್ದ ಸಲಹೆಗಳಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡು ಎನ್ನುವುದೂ ಇತ್ತು. ಅದನ್ನು ಆಫ್ ಮಾಡಿದ್ದು ಒಳ್ಳೆಯದೇ. ಇಲ್ಲದಿದ್ದರೆ ವಿಂಡೋಸ್‌ನ ಎನ್‌ಟಿಎಫ್‌ಎಸ್ ಪಾರ್ಟಿಷನ್‌ಗಳು ಲಿನಕ್ಸ್‌ನಲ್ಲಿ ಓದಲು ಮಾತ್ರ ಸಿಗುವ ತೊಂದರೆ ಬರುತ್ತದೆ. ಆದರೆ ಈ ಮೆನು ಕಾಣೆಯಾದದ್ದಕ್ಕೆ ಅದು ಕಾರಣವಲ್ಲ. ಫರ್ಮ್‌ವೇರ್‌ನ ಫಾಸ್ಟ್ ಬೂಟ್ ಬೇರೆಯೇ ವಿಷಯ. ಅದು ಆನ್ ಇದ್ದರೆ ಕೀಬೋರ್ಡ್ ತಯಾರಾಗುವ ಮೊದಲೇ ಬೂಟ್ ಮುಂದೆ ಹೋಗಿ, ಎಫ್12 ಒತ್ತಿದ್ದು ತಲುಪುವುದೇ ಇಲ್ಲ. ಆಗ ವಿಂಡೋಸ್‌ನಲ್ಲಿ ಶಿಫ್ಟ್ ಹಿಡಿದು ರೀಸ್ಟಾರ್ಟ್ ಒತ್ತಿ, ಅಲ್ಲಿಂದ ಫರ್ಮ್‌ವೇರ್ ಸೆಟ್ಟಿಂಗ್ಸ್‌ಗೆ ಹೋಗಬಹುದು.

2024ರ ಆಗಸ್ಟ್‌ನ ವಿಂಡೋಸ್ ಭದ್ರತಾ ಅಪ್‌ಡೇಟ್ ನಂತರ ಬಹಳ ಜನರ ಲಿನಕ್ಸ್ ಬೂಟ್ ಆಗದೇ ಹೋಗಿತ್ತು. ಅಲ್ಲಿ ಎಂಟ್ರಿ ಇತ್ತು, ಫೈಲ್ ಇತ್ತು. ಹಳೇ ಬೂಟ್‌ಲೋಡರ್‌ಗಳನ್ನು ತಡೆಯುವ ಎಸ್‌ಬಿಎಟಿ ಎಂಬ ಪಟ್ಟಿ ಬದಲಾಗಿ, ಹಳೇ ಶಿಮ್ ಓಡಲು ನಿರಾಕರಿಸಿತು. ಆ ಪ್ರಕರಣಗಳಲ್ಲಿ ಎಸ್‌ಬಿಎಟಿ ಪರೀಕ್ಷೆ ವಿಫಲವಾಗಿದೆ ಎಂದು ಪರದೆಯ ಮೇಲೆ ಸ್ಪಷ್ಟವಾಗಿ ಬರುತ್ತದೆ. ಮದ್ದೂ ಬೇರೆ, ಶಿಮ್ ಅನ್ನು ಹೊಸ ಆವೃತ್ತಿಗೆ ತರಬೇಕು. ಸದ್ದಿಲ್ಲದೆ ವಿಂಡೋಸ್‌ಗೆ ಹೋಗುವ ಯಂತ್ರಕ್ಕೆ ಆ ಮದ್ದು ಹೊಂದುವುದಿಲ್ಲ.

ಉಬುಂಟುವಿನಲ್ಲಿ ಗ್ರಬ್‌ಗೆ ಬೇರೆ ಓಎಸ್ ಸಿಗದಿದ್ದರೆ ಮೆನುವನ್ನೇ ಬಚ್ಚಿಟ್ಟು ಸೀದಾ ಒಳಗೆ ಹೋಗುತ್ತದೆ. ಲೋಗೋ ಹೋದ ಕೂಡಲೇ ಎಸ್ಕೇಪ್ ಒತ್ತಿದರೆ ಮೆನು ಬರುತ್ತದೆ. ಇನ್ನು ಕೆಲವು ಫರ್ಮ್‌ವೇರ್‌ಗಳು ಬೂಟ್ ಆರ್ಡರ್ ಏನೇ ಇದ್ದರೂ ವಿಂಡೋಸ್ ಬೂಟ್ ಮ್ಯಾನೇಜರ್ ಎಂಬ ಹೆಸರಿನದ್ದನ್ನೇ ಶುರುಮಾಡುತ್ತವೆ. ಅಂಥವಕ್ಕೆ ಬಿಸಿಡಿಎಡಿಟ್‌ನಿಂದ ಆ ಎಂಟ್ರಿಯ ದಾರಿಯನ್ನೇ ಶಿಮ್ ಕಡೆ ತಿರುಗಿಸುವ ಉಪಾಯ ಇದೆ. ಅದು ಕೆಲಸ ಮಾಡುತ್ತದೆ. ಆದರೆ ವಿಂಡೋಸ್ ಹೆಸರಿನ ಎಂಟ್ರಿ ಲಿನಕ್ಸ್ ತೆರೆಯುತ್ತದೆ ಎಂಬುದು ಮುಂದೆ ನೋಡುವವರಿಗೆ ತಿಳಿಯುವುದಿಲ್ಲ, ವಿಂಡೋಸ್ ದುರಸ್ತಿಯಲ್ಲಿ ಅದು ಅಳಿಸಿಯೂ ಹೋಗಬಹುದು. ಬೇರೆ ದಾರಿಯೇ ಇಲ್ಲದಿದ್ದರೆ ಮಾತ್ರ ನಾನು ಅದಕ್ಕೆ ಕೈ ಹಾಕುತ್ತೇನೆ.

ಮುಗಿಸುವ ಮೊದಲು

ಸರಿಹೋಯಿತು ಎಂದು ಹೇಳುವ ಮುಂಚೆ ಪೂರ್ತಿ ಶಟ್‌ಡೌನ್ ಮಾಡಿ ತಣ್ಣಗಿನ ಸ್ಥಿತಿಯಿಂದ ಆನ್ ಮಾಡಿ ನೋಡಿದೆವು. ವಿಂಡೋಸ್‌ನಲ್ಲಿ ಬಾಕಿ ಇದ್ದ ಅಪ್‌ಡೇಟ್‌ಗಳನ್ನು ಹಾಕಿಸಿ ಮತ್ತೆ ನೋಡಿದೆವು. ಬೂಟ್ ಆರ್ಡರ್ ಹಾಗೇ ಉಳಿದಿತ್ತು. ಸೆಕ್ಯೂರ್ ಬೂಟ್ ಆನ್ ಇತ್ತು, ಅದನ್ನು ಆಫ್ ಮಾಡುವ ಅಗತ್ಯವೇ ಬೀಳಲಿಲ್ಲ. ಫಂಕ್ಷನ್ ಕೀಗಳ ಸೆಟ್ಟಿಂಗ್ ಆಕೆಯೇ ಸರಿಮಾಡಿಕೊಂಡಳು.

ಇಎಫ್‌ಐಬೂಟ್‌ಎಂಜಿಆರ್‌ನ ಪೂರ್ತಿ ಪಟ್ಟಿ ಮತ್ತು ನಾವು ಕೊಟ್ಟ ಆ ಒಂದು ಸಾಲಿನ ಕಮಾಂಡ್ ಎರಡನ್ನೂ ಒಂದು ಟೆಕ್ಸ್ಟ್ ಫೈಲ್‌ನಲ್ಲಿ ಬರೆದು, ಲೈವ್ ಪೆನ್ ಡ್ರೈವ್ ಜೊತೆ ಇಡಲು ಹೇಳಿದೆ. ಫರ್ಮ್‌ವೇರ್ ಪದೇ ಪದೇ ಹೀಗೆ ಮರೆಯುವುದಾದರೆ ಇನ್ನೊಂದು ಭದ್ರತೆ ಇದೆ. ಗ್ರಬ್‌ನ ಪ್ಯಾಕೇಜ್ ಅನ್ನು ಡಿಪಿಕೆಜಿ-ರೀಕಾನ್ಫಿಗರ್‌ನಿಂದ ಮತ್ತೆ ಹೊಂದಿಸುವಾಗ, ಪೆನ್ ಡ್ರೈವ್‌ಗಳಿಗೆಂದು ಮೀಸಲಾದ ಬೂಟ್ ಫೋಲ್ಡರ್‌ನಲ್ಲೂ ಒಂದು ಕಾಪಿ ಇಡಬೇಕೇ ಎಂದು ಡೆಬಿಯನ್ ಕೇಳುತ್ತದೆ. ಹೌದು ಎಂದರೆ, ಎಂಟ್ರಿ ಹೋದರೂ ಎಫ್12 ಪಟ್ಟಿಯಲ್ಲಿ ಡಿಸ್ಕ್‌ನ ಹೆಸರು ಕಾಣುವ ಯಂತ್ರಗಳಲ್ಲಿ ಅದನ್ನು ಆರಿಸಿ ಗ್ರಬ್ ತಲುಪಬಹುದು. ಈ ಯಂತ್ರದಲ್ಲಿ ಒಂದೇ ಸಲ ಆಗಿದ್ದರಿಂದ ಅದನ್ನು ಆಗ ಮಾಡಲಿಲ್ಲ.

ಆಮೇಲೆ ಅದೇ ತಯಾರಕರಿಂದ ಇನ್ನೊಂದು ಫರ್ಮ್‌ವೇರ್ ಅಪ್‌ಡೇಟ್ ಬಂತು. ಡೆಬಿಯನ್ ಎಂಟ್ರಿ ಮತ್ತೆ ಹೋಯಿತು. ಆಕೆ ಬಿಟ್‌ಲಾಕರ್ ನಿಲ್ಲಿಸಿ, ಪೆನ್ ಡ್ರೈವ್ ಹಾಕಿ, ಟೆಕ್ಸ್ಟ್ ಫೈಲ್‌ನ ಸಾಲನ್ನು ಕೊಟ್ಟು ಎಂಟ್ರಿ ತಾನೇ ಮಾಡಿಕೊಂಡಳು. ಆಮೇಲೆ ಡಿಪಿಕೆಜಿ-ರೀಕಾನ್ಫಿಗರ್ ಓಡಿಸಿ ಆ ಪ್ರಶ್ನೆಗೆ ಹೌದು ಎಂದಳು. ನನಗೆ ಸುದ್ದಿ ಬಂದಿದ್ದು ಎಲ್ಲ ಮುಗಿದ ಮೇಲೆ, ಎಫ್12 ಪಟ್ಟಿಯಲ್ಲಿ ಈಗ ಡಿಸ್ಕ್ ಹೆಸರೂ ಕಾಣುತ್ತಿದೆ, ಅದನ್ನು ಆರಿಸಿದರೆ ಮೆನು ಬರುತ್ತಿದೆ ಎಂಬ ಫೋಟೋದ ಜೊತೆ.